ಹತ್ತೊಂಬತ್ತನೇ ಬೆಡ್ಡಿನ ಎರಡು ಗಂಟೆ

ಸುಳ್ಳು ನಾಡಿ ಬರೆಯುವುದಕ್ಕೂ ಒಂದು ಶಿಸ್ತಿದೆ. ಸೊನ್ನೆಯಲ್ಲಿ ಮುಗಿಯುವ ಅಂಕಿ ಬರೆಯಬಾರದು. ಎಂಬತ್ತು ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ, ಎಪ್ಪತ್ತೆಂಟು ಎಂದರೆ ಎಣಿಸಿ ಬರೆದ ಹಾಗೆ ಕಾಣುತ್ತದೆ. ಹಿಂದಿನ ಸಲದ್ದನ್ನೇ ನಕಲು ಮಾಡಬಾರದು, ಎರಡು ಹೆಚ್ಚು ಇಲ್ಲವೇ ಎರಡು ಕಡಿಮೆ ಇರಬೇಕು. ತೀರಾ ಹುಷಾರಿಲ್ಲದವರಿಗೆ ಯಾವತ್ತೂ ಹಾಗೆ ಬರೆಯಬಾರದು, ನಾಳೆ ನಾಡಿದ್ದರಲ್ಲಿ ಮನೆಗೆ ಹೋಗುವವರಿಗೆ ಮಾತ್ರ. ನಮ್ಮ ವಾರ್ಡಿನಲ್ಲಿ ಇದಕ್ಕೆ ಗಾಳಿ ನಾಡಿ ಎಂದು ಅಡ್ಡಹೆಸರು. ಯಾವ ಕಾಲೇಜಿನಲ್ಲೂ ಕಲಿಸದಿದ್ದರೂ ಹೇಗೋ ಕೈಗೆ ಬಂದುಬಿಡುತ್ತದೆ.

ಬೈಯುವವರು ಮೊದಲು ಬಂದು ಒಂದು ಮಧ್ಯಾಹ್ನ ನಮ್ಮ ಜೊತೆ ನಿಲ್ಲಲಿ. ಮೂವತ್ತೆಂಟು ಬೆಡ್ಡು, ಇಬ್ಬರು ನರ್ಸುಗಳು. ಒಬ್ಬಳು ನಾನು, ಇಪ್ಪತ್ತೊಂದು ವರ್ಷ ಸರ್ವಿಸು. ಇನ್ನೊಬ್ಬಳು ಮೊನ್ನೆ ಮೊನ್ನೆ ಸೇರಿದ ಹುಡುಗಿ, ಎಲ್ಲರೂ ಅವಳನ್ನು ಮರಿ ಸಿಸ್ಟರ್ ಎನ್ನುತ್ತಾರೆ. ಎರಡು ಗಂಟೆಗೆ ಪ್ರತಿಯೊಬ್ಬರ ನಾಡಿ, ಜ್ವರ, ಬಿಪಿ ಬರೆದಿರಬೇಕು. ಒಬ್ಬರಿಗೆ ಐದು ನಿಮಿಷ ಹಿಡಿದರೂ ಎಷ್ಟಾಯಿತು, ನೀವೇ ನೋಡಿ. ಎರಡೂಕಾಲಿಗೆ ದೊಡ್ಡ ಸಿಸ್ಟರ್ ಬಂದು ಚಾರ್ಟಿನಲ್ಲಿ ಎಲ್ಲಾದರೂ ಖಾಲಿ ಜಾಗ ಇದೆಯೇ ಎಂದು ಹುಡುಕುತ್ತಾರೆ. ಖಾಲಿ ಜಾಗ ಇದ್ದರೆ ಅಂದು ನಮ್ಮ ಏಳೇಳು ಜನ್ಮ ಜಾಲಾಡುತ್ತಾರೆ.

ಹತ್ತೊಂಬತ್ತನೇ ಬೆಡ್ಡಿನಲ್ಲಿದ್ದವರು ಬಸ್ಸು ಓಡಿಸಿ ರಿಟೈರಾದ ಹಿರಿಯರು. ಹರ್ನಿಯಾ ಆಪರೇಷನ್ ಆಗಿ ನಾಲ್ಕನೇ ದಿನ. ಮರುದಿನ ಮನೆಗೆ ಹೊರಡುವವರು. ಹನ್ನೆರಡಕ್ಕೆ ಮಾತ್ರೆ ಕೊಡಲು ಹೋದಾಗ, "ಸಿಸ್ಟರ್, ನೀವು ನಡೆಯೋ ಸ್ಪೀಡಿಗೆ ನಮ್ ಕಾಲದಲ್ಲಿ ದಂಡ ಹಾಕ್ತಿದ್ರು," ಎಂದು ನಕ್ಕರು. ನನಗೂ ನಗು ಬಂತು. ಹನ್ನೆರಡೂವರೆಗೆ ಮೇಜಿನ ಹತ್ತಿರ ಕೂತು, ಗಟ್ಟಿಮುಟ್ಟಾಗಿದ್ದ ಹತ್ತು ಜನರ ಎರಡು ಗಂಟೆಯ ಸಾಲನ್ನು ತುಂಬಿಸಿಬಿಟ್ಟೆ. ಹತ್ತೊಂಬತ್ತನೇ ಬೆಡ್ಡಿನವರಿಗೆ ಎಪ್ಪತ್ತೆಂಟು ಬರೆದು ಸಹಿ ಹಾಕಿದೆ.

ಅಷ್ಟರಲ್ಲಿ ನಾಲ್ಕನೇ ಬೆಡ್ಡಿನವನಿಗೆ ಹೊಲಿಗೆ ಬಿಚ್ಚಿ ರಕ್ತ ಹರಿಯಿತು. ನಾನೂ ಮರಿ ಸಿಸ್ಟರೂ ಎರಡು ಗಂಟೆ ದಾಟುವವರೆಗೆ ಅಲ್ಲಿಂದ ಅಲುಗಾಡಲಿಲ್ಲ. ಅವನು ಉಳಿದುಕೊಂಡ. ಎರಡೂವರೆಗೆ ಹತ್ತೊಂಬತ್ತನೇ ಬೆಡ್ಡಿನವರ ಮಗಳು ಒಳಗೆ ಬಂದು ಅಪ್ಪನನ್ನು ಎಬ್ಬಿಸಲು ಹೋಗಿ ಕಿರುಚಿದಳು. ನಾನು ಓಡಿಹೋಗಿ ಕೈ ಮುಟ್ಟಿದೆ. ತಣ್ಣಗಿತ್ತು. ಇಪ್ಪತ್ತೊಂದು ವರ್ಷದಲ್ಲಿ ಇಂಥ ಕೈ ಎಷ್ಟು ಮುಟ್ಟಿಲ್ಲ? ಜೀವ ಹೋಗಿ ಗಂಟೆಯ ಮೇಲಾಗಿತ್ತು.

ಡ್ಯೂಟಿ ಡಾಕ್ಟರ್ ಚಾರ್ಟು ನೋಡಿ, "ಎರಡಕ್ಕೆ ಎಪ್ಪತ್ತೆಂಟಿತ್ತಾ? ಮೈ ಇಷ್ಟು ತಣ್ಣಗಿದೆಯಲ್ಲ?" ಎಂದರು.

"ಫ್ಯಾನ್ ಕೆಳಗೇ ಇದ್ರು ಡಾಕ್ಟ್ರೇ," ಎಂದೆ. ನಾಲಗೆ ತಡವರಿಸಲೂ ಇಲ್ಲ. ಎರಡರಿಂದ ಎರಡೂವರೆಯೊಳಗೆ ಹೃದಯ ನಿಂತು ಸಾವು ಎಂದು ಬರೆದು ಅವರು ಹೋದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನೂ ಮುಖ ತೊಳೆದುಕೊಂಡು ಮನೆಗೆ ಹೋದೆ.

ಐದನೇ ದಿನಕ್ಕೆ ಶುರುವಾಯಿತು. ಆ ಬೆಡ್ಡಿಗೆ ಒಬ್ಬ ಶಾಲೆಯ ಮೇಷ್ಟ್ರು ಬಂದಿದ್ದರು. ಎರಡು ಗಂಟೆಗೆ ನಾಡಿ ನೋಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡರು.

"ಈಗ ತಾನೆ ನೋಡ್ಕೊಂಡು ಹೋದ್ರಲ್ಲ ಸಿಸ್ಟರ್. ಮತ್ತೆ ಯಾಕೆ?"

"ಯಾರು ಬಂದಿದ್ರು?"

"ಕಣ್ ಬಿಡ್ಲಿಲ್ಲ ನಾನು. ಕೈ ಹಿಡ್ಕೊಂಡು ಎಣಿಸಿದ್ರು. ಬೆರಳು ಮಾತ್ರ ತಣ್ಣಗಿತ್ತಪ್ಪಾ."

ಚಾರ್ಟಿನಲ್ಲಿ ಏನೂ ಇರಲಿಲ್ಲ. ಮರಿ ಸಿಸ್ಟರ್ ಕೆಳಗೆ ರಕ್ತದ ಬಾಟಲಿ ತರಲು ಹೋದವಳು ಇನ್ನೂ ಬಂದಿರಲಿಲ್ಲ. ಮೇಷ್ಟ್ರಿಗೆ ಕನಸು ಬಿದ್ದಿರಬೇಕು ಎಂದುಕೊಂಡೆ. ಮೇಷ್ಟ್ರು ಮನೆಗೆ ಹೋದ ಮೇಲೆ ಆ ಬೆಡ್ಡಿಗೆ ಒಬ್ಬ ಕಾಲೇಜು ಹುಡುಗ ಬಂದ. ಅವನಿಗೆ ನಾವು ಯಾರೂ ಏನೂ ಹೇಳಿರಲಿಲ್ಲ.

"ನಿಮ್ ಜೊತೆ ಇನ್ನೊಬ್ರು ಇದ್ದಾರಲ್ಲ ಆಂಟಿ, ಮಾತೇ ಆಡದೇ ಇರೋರು," ಎಂದ ಅವನು. "ಅವ್ರೇ ವಾಸಿ. ಎಷ್ಟೊತ್ತು ಬೇಕಾದ್ರೂ ಕೈ ಹಿಡ್ಕೊಂಡು ಕೂರ್ತಾರೆ. ನಿಮ್ ಥರ ಗಡಿಬಿಡಿ ಇಲ್ಲ."

ಬೇರೆ ದಿನವಾಗಿದ್ದರೆ ಅವನಿಗೆ ಚೆನ್ನಾಗಿ ಉಗಿಯುತ್ತಿದ್ದೆ. ಅಂದು ಚಾರ್ಟು ಎತ್ತಿಕೊಂಡು ಮೇಜಿಗೆ ಹೋದೆ.

ಹತ್ತನೇ ದಿನ ಆ ಹಿರಿಯರ ಮಗಳು ಬಂದಳು, ಅಪ್ಪನ ಕಾಗದಪತ್ರ ತೆಗೆದುಕೊಂಡು ಹೋಗಲು. ಮೂವತ್ತೈದರ ಆಸುಪಾಸು, ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಬೆನ್ನು ಸ್ವಲ್ಪ ಬಾಗಿದವಳು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ನನ್ನನ್ನು ಕೂರಿಸಿಕೊಂಡು ಕೇಳಿದಳು.

"ಅಕ್ಕಾ, ಎರಡು ಗಂಟೆಗೆ ಅಪ್ಪನ ಕೈ ಬೆಚ್ಚಗಿತ್ತಾ?"

"ಬೆಚ್ಚಗಿತ್ತಮ್ಮ," ಎಂದೆ.

"ನಾನು ಎರಡಕ್ಕೇ ಬರ್ಬೇಕಿತ್ತು. ಕೆಳಗೆ ನಿಂತು ಫೋನಲ್ಲಿ ಹರಟೆ ಹೊಡೀತಿದ್ದೆ, ಅರ್ಧ ಗಂಟೆ. ಅವತ್ತು ಇಲ್ಲಿ ಚಾರ್ಟು ನೋಡಿದಾಗಿಂದ ಅಣ್ಣ ನನ್ ಮುಖ ನೋಡ್ತಿಲ್ಲ. ಎರಡಕ್ಕೆ ಸರಿಯಾಗೇ ಇದ್ರಂತೆ, ನೀನು ಹತ್ರ ಇದ್ದಿದ್ರೆ ಡಾಕ್ಟ್ರನ್ನ ಕೂಗ್ತಿದ್ದೆ, ಅಪ್ಪನ್ನ ನೀನೇ ಕೊಂದೆ, ಅಂತಾನೆ. ಅವನು ಹೇಳೋದು ಸರಿನೇ ತಾನೆ?" ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹೋಗ್ಲಿ, ಕೊನೇಲಿ ನೀವಾದ್ರೂ ಅವರ ಕೈ ಹಿಡ್ಕೊಂಡಿದ್ರಿ. ಅದೊಂದೇ ನಂಗೆ ಸಮಾಧಾನ."

ಕೈ ಬಿಡಿಸಿಕೊಂಡು ಒಳಗೆ ಹೋಗಿ ಸೋಪು ಹಾಕಿ ತೊಳೆದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಅವಳು ಮತ್ತೆ ಮತ್ತೆ ಬರತೊಡಗಿದಳು. ಕೆಲಸವೇನೂ ಇಲ್ಲದಿದ್ದರೂ ಎರಡು ಗಂಟೆ ಹೊಡೆಯುವ ಹೊತ್ತಿಗೆ ಬೆಂಚಿನ ಮೇಲೆ ಇರುತ್ತಿದ್ದಳು. ಬಂದಾಗಲೆಲ್ಲ ಅದೇ ಪ್ರಶ್ನೆ. ಎಷ್ಟು ಹೊತ್ತು ಹಿಡಿದುಕೊಂಡಿದ್ದಿರಿ, ಅಪ್ಪ ಏನಾದರೂ ಅಂದರಾ, ನನ್ನನ್ನು ಕೇಳಿದರಾ. ಸಲಕ್ಕೊಂದು ಸುಳ್ಳು ಪೋಣಿಸಿಕೊಟ್ಟೆ. ಸಲಸಲಕ್ಕೂ ಅವಳು ಸೊರಗುತ್ತಿದ್ದಳು.

ದೊಡ್ಡ ಸಿಸ್ಟರಿಗೆ ಎಲ್ಲ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳಿದ್ರೆ ಸತ್ತವರು ಎದ್ದು ಬರ್ತಾರೇನೇ? ನಿನ್ ರಿಜಿಸ್ಟ್ರೇಷನ್ ಹೋಗುತ್ತೆ, ಕೆಲ್ಸ ಹೋಗುತ್ತೆ. ಈ ವಯಸ್ಸಲ್ಲಿ ಎಲ್ಲಿ ಹೋಗಿ ಏನ್ ಮಾಡ್ತೀಯ? ಕಾಲ ಕಳೆದ್ರೆ ಅವಳೂ ಮರೀತಾಳೆ, ನೀನೂ ಮರೀತೀಯ. ಸುಮ್ನೆ ಇರು." ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಗಾಳಿ ನಾಡಿಯ ಶಿಸ್ತನ್ನು ಇಪ್ಪತ್ತೊಂದು ವರ್ಷದ ಹಿಂದೆ ನನಗೆ ಹೇಳಿಕೊಟ್ಟವರೇ ಅವರು. ಮನೆಯಲ್ಲಿ ಗಂಡ, "ನಿನ್ನೆ ನಿದ್ದೇಲಿ ನನ್ ಕೈ ಹಿಡ್ಕೊಂಡು ಎಣಿಸ್ತಿದ್ದೆಯಲ್ಲೇ, ನಾನಿನ್ನೂ ಬದುಕಿದ್ದೀನಿ ಮಾರಾಯ್ತಿ," ಎಂದು ಛೇಡಿಸಿದರು.

ಒಂದು ದಿನ ಹಟ ಹಿಡಿದು, ಎಲ್ಲ ಕೆಲಸ ಮರಿ ಸಿಸ್ಟರಿಗೆ ಒಪ್ಪಿಸಿ, ಒಂದೂವರೆಯಿಂದಲೇ ಹತ್ತೊಂಬತ್ತನೇ ಬೆಡ್ಡಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಆ ಹುಡುಗ ಗೊರಕೆ ಹೊಡೆಯುತ್ತಿದ್ದ. ಕಿಟಕಿಯಿಂದ ಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು, ಆಚೆ ಬೆಡ್ಡಿನವರು ರೇಡಿಯೋ ಕೇಳುತ್ತಿದ್ದರು. ಎರಡು ಗಂಟೆಗೆ ಸರಿಯಾಗಿ ಹುಡುಗನ ಎಡಗೈ ಹೊರಳಿ ಅಂಗೈ ಮೇಲಾಯಿತು, ನರ್ಸಿಗೆ ರೋಗಿ ಕೈ ಕೊಡುವ ಹಾಗೆ. ಮಣಿಕಟ್ಟಿನ ಚರ್ಮ ಒಂದರ ಪಕ್ಕ ಒಂದು ಮೂರು ಕಡೆ, ಬೆರಳು ಒತ್ತಿದ ಹಾಗೆ, ತಗ್ಗಿತು. ನನ್ನ ವಾಚಿನ ಮುಳ್ಳು ಒಂದು ಸುತ್ತು ಬರುವವರೆಗೆ ಹಾಗೇ ಇದ್ದು, ಮತ್ತೆ ಮೇಲೆದ್ದಿತು. ಹುಡುಗ ಏಳಲಿಲ್ಲ. ಮಾಡಿದೆ ಎಂದು ನಾನು ಸಹಿ ಹಾಕಿದ ಕೆಲಸವನ್ನು ಯಾರೋ ದಿನಾ ಬಂದು ಮಾಡಿಹೋಗುತ್ತಿದ್ದರು.

ಹೊರಗೆ ಬಂದರೆ ಬೆಂಚಿನ ಮೇಲೆ ಅವಳು ಕೂತಿದ್ದಳು. ಅಂದು ಪ್ರಶ್ನೆ ಕೇಳಲಿಲ್ಲ.

"ಅಕ್ಕಾ, ನಿಮಗೆ ಹೇಳಿ ಹೋಗೋಣ ಅಂತ ಬಂದೆ. ಅಪ್ಪನ್ನ ಕೊಂದೋಳು ಅನ್ನಿಸ್ಕೊಂಡು ಬದುಕೋಕೆ ಮನಸ್ಸಿಲ್ಲ. ನೀವು ಮಾಡಿದ್ದಕ್ಕೆ ಋಣ ತೀರಿಸಕ್ಕಾಗಲ್ಲ."

ಅವಳ ಮುಖ ನೋಡಿದೆ. ಸುಮ್ಮನೆ ಆಡುವ ಮಾತು ಯಾವುದು, ನಿಜವಾದ ಮಾತು ಯಾವುದು ಎಂದು ತಿಳಿಯದಿದ್ದರೆ ನಾನು ಇಷ್ಟು ವರ್ಷ ವಾರ್ಡಿನಲ್ಲಿ ಇದ್ದು ಏನು ಬಂತು? "ಕೂತ್ಕೋ," ಎಂದೆ. "ಎಲ್ಲೂ ಹೋಗ್ಬೇಡ. ಇಲ್ಲೇ ಕೂತಿರು." ಮೇಜಿನಿಂದ ಎರಡು ಬಿಳಿ ಹಾಳೆ ತಂದು ಅವಳ ಎದುರಿಗೇ ಬರೆದೆ.

ಎರಡು ಗಂಟೆಯ ನಾಡಿ ನಾನು ನೋಡಿದ್ದಲ್ಲ, ಹನ್ನೆರಡೂವರೆಗೇ ಬರೆದಿಟ್ಟಿದ್ದು. ಎರಡೂವರೆಗೆ ಮುಟ್ಟಿದಾಗ ಕೈ ಪೂರಾ ತಣ್ಣಗಾಗಿತ್ತು, ಜೀವ ಹೋಗಿ ಒಂದು ಗಂಟೆಯ ಮೇಲಾಗಿತ್ತು. ಮಗಳು ಎರಡಕ್ಕೆ ಬಂದಿದ್ದರೂ ಏನೂ ಮಾಡಲು ಆಗುತ್ತಿರಲಿಲ್ಲ. ಕೆಳಗೆ ನನ್ನ ಪೂರ್ತಿ ಹೆಸರು, ರಿಜಿಸ್ಟ್ರೇಷನ್ ನಂಬರು, ತಾರೀಖು. ಎರಡೂ ಹಾಳೆಗೆ ಸಹಿ ಹಾಕಿದೆ.

"ಒಂದು ನಿಮ್ಮಣ್ಣಂಗೆ ಕೊಡು. ಇನ್ನೊಂದನ್ನ ನಾನೇ ಮೇಲಿನವರಿಗೆ ಕೊಡ್ತೀನಿ."

ಅವಳು ಓದಿದಳು. ಮತ್ತೊಮ್ಮೆ ಬೆರಳಿಟ್ಟು ಓದಿದಳು. ಕೆನ್ನೆಗೆ ಹೊಡೆಯಬಹುದು ಎಂದು ನಾನು ಕಾದಿದ್ದೆ, ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ಉದ್ದಕ್ಕೆ ಉಸಿರು ಬಿಟ್ಟಳು.

"ನಾನಲ್ಲ," ಎಂದಳು. "ನನ್ನಿಂದ ಅಲ್ಲ."

"ಅಲ್ಲಮ್ಮ. ನಿನ್ನಿಂದ ಅಲ್ಲವೇ ಅಲ್ಲ."

ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳಲು ಹೋದವಳು ಅರ್ಧಕ್ಕೇ ನಿಲ್ಲಿಸಿದಳು.

"ಹಾಗಾದ್ರೆ ಅಕ್ಕಾ, ಅಪ್ಪನ ಕೈ ಯಾರು ಹಿಡ್ಕೊಂಡಿದ್ರು?"

ಪಕ್ಕದ ಬೆಡ್ಡಿನವರು ಇದ್ದರು ಎನ್ನಬಹುದಿತ್ತು. ನಿದ್ದೆಯಲ್ಲೇ ಹೋದರು, ಅವರಿಗೇನೂ ಗೊತ್ತಾಗಲಿಲ್ಲ ಎನ್ನಬಹುದಿತ್ತು. ಬಾಯಿಯ ತುದಿಗೇ ಬಂದಿತ್ತು.

"ಯಾರೂ ಇರ್ಲಿಲ್ಲ," ಎಂದೆ.

ಅಷ್ಟು ದಿನ ತನ್ನ ತಪ್ಪಿಗಾಗಿ ಅಳುತ್ತಿದ್ದವಳು ಅವತ್ತು ಮೊದಲ ಸಲ ಅಪ್ಪನಿಗಾಗಿ ಅತ್ತಳು.