ಹಲಗೆಯ ಹಿಂಬದಿ

ಸೋಮವಾರ ಬೆಳಿಗ್ಗೆ ಆರೂ ಹತ್ತಕ್ಕೆ ಕಲಾವಿದೆ ಚಿತ್ರ ಬರೆಯಲಿದ್ದ ಹಲಗೆಯ ಮೇಲೆ ಒಂದು ಹನಿ ನೀರು ಬಿಟ್ಟಳು. ಹನಿ ಹರಡಲಿಲ್ಲ. ಗುಂಡಗೆ ನಿಂತು, ಹಲಗೆಯನ್ನು ತುಸು ಓರೆ ಮಾಡಿದೊಡನೆ ಉರುಳಿ ನೆಲಕ್ಕೆ ಬಿತ್ತು. ಇನ್ನೊಂದು ಹನಿ ಬಿಡುವ ಗೋಜಿಗೆ ಅವಳು ಹೋಗಲಿಲ್ಲ.

ಹಲಗೆ ಮಾಡಿಕೊಟ್ಟವನು ಅವಳ ಅಣ್ಣ, ಇಪ್ಪತ್ತೆಂಟು ವರ್ಷದಿಂದ ಬಡಗಿ. ಎರಡು ಅಡಿ ಅಗಲ, ಎರಡೂವರೆ ಅಡಿ ಎತ್ತರದ ಪ್ಲೈವುಡ್. ಹಾರ್ಡ್‌ಬೋರ್ಡಿನ ಅಂಚು ಒದ್ದೆಯಾದರೆ ಉಬ್ಬುತ್ತದೆಂದು ಅವಳೇ ಬೇಡವೆಂದಿದ್ದಳು. ಪ್ಲೈವುಡ್ ಸಾಕು, ನುಣುಪಾಗಿರಲಿ ಎಂದಷ್ಟೇ ಹೇಳಿದ್ದಳು. ಉಜ್ಜಿದ ಮರಕ್ಕೆ ಮೇಣ ಹಚ್ಚದೆ ಕೈಬಿಡುವ ಅಭ್ಯಾಸ ಅಣ್ಣನಿಗಿಲ್ಲ. ತಂಗಿಯ ಕೆಲಸವೆಂದು ಮೂರು ಸಲ ಹಚ್ಚಿದ್ದ. ಎದುರು ನಿಂತು ತಲೆ ಬಾಚಿಕೊಳ್ಳಬಹುದಿತ್ತು.

ಬಣ್ಣಕ್ಕೆ ಮುಂಚೆ ಬಳಿಯುವ ಪ್ರೈಮರ್ ಮೇಣದ ಮೇಲೆ ಹಿಡಿಯುವುದಿಲ್ಲ. ಪ್ರೈಮರ್ ಇಲ್ಲದೆ ಎಣ್ಣೆಬಣ್ಣ ಹಾಕುವಂತಿಲ್ಲ. ಗುರುವಾರ ಒಂಬತ್ತಕ್ಕೆ ಆಸ್ಪತ್ರೆಯ ಹಿರಿಯ ನರ್ಸ್ ತಮ್ಮ ಭಾವಚಿತ್ರಕ್ಕೆ ಬಂದು ಕೂರಬೇಕಿತ್ತು. ನಿವೃತ್ತರಾದ ಅವರು ಭಾನುವಾರ ಮಗಳ ಊರಿಗೆ ಹೊರಡುವವರು. ಅವರ ಮೊದಲ ಚಿತ್ರವನ್ನು ಕ್ಯಾನ್ವಾಸಿನ ಮೇಲೆ ಬರೆದಿದ್ದಳು. ಒರಟು ನೇಯ್ಗೆ ಮುಖದ ಸಣ್ಣ ಗೆರೆಗಳನ್ನೆಲ್ಲ ನುಂಗಿಹಾಕಿತ್ತು. ಚಿತ್ರ ಬರೆಸುತ್ತಿದ್ದ ಆಸ್ಪತ್ರೆಯ ಸಮಿತಿ ಅದನ್ನು ವಾಪಸು ಕಳಿಸಿತು. ಗೋಣಿಚೀಲದೊಳಗಿಂದ ಇಣುಕಿದ ಹಾಗಿದ್ದೀನಿ ಎಂದು ನರ್ಸ್ ನಕ್ಕಿದ್ದರು. ಸಮಿತಿಗೆ ಹೇಳಿ ಇನ್ನೊಂದು ಅವಕಾಶ ಕೊಡಿಸಿದವರೂ ಅವರೇ. ಮೂರನೆಯದು ಸಿಗುವಂತಿರಲಿಲ್ಲ.

ಎಂಟು ಗಂಟೆಗೆ ಅಣ್ಣ ಬಂದ. ಹಲಗೆ ಹೇಗಿದೆ ಎಂದು ಕೇಳಿದ್ದು ಹೊಗಳಿಕೆ ಕೇಳಲೆಂದೇ.

"ಬಾಗಿಲಾಗಿದ್ರೆ ಇಂಥ ಬಾಗಿಲು ಇನ್ನೆಲ್ಲೂ ಸಿಗಲ್ಲ," ಎಂದಳು. "ಬಣ್ಣ ಮಾತ್ರ ಇದರ ಮೇಲೆ ನಿಲ್ಲಲ್ಲಣ್ಣ."

ಅವನ ಮುಖ ಸಪ್ಪಗಾಯಿತು. ಇಷ್ಟು ವರ್ಷದಲ್ಲಿ ತಾನು ಮಾಡಿದ್ದು ಒಂದೂ ವಾಪಸು ಬಂದಿಲ್ಲ, ಬೇಕಿದ್ದರೆ ಮೇಣ ಕೆರೆದು ಕೊಡುತ್ತೇನೆ ಎಂದ. ಮೇಣ ಮರದ ನಾರಿನೊಳಗೆ ಇಳಿದಿದೆ, ಕೆರೆದರೂ ಬಣ್ಣ ಹಾಕುವ ಧೈರ್ಯ ತನಗಿಲ್ಲ ಎಂದಳು. ಹೊಸ ಪ್ಲೈವುಡ್ ಅಂಗಡಿಗೆ ಬರುವುದು ಶುಕ್ರವಾರ.

ಆಮೇಲೆ ಅವಳು ಹಲಗೆಯನ್ನು ಮಗುಚಿ ಹಾಕಿದಳು. ಹಿಂಬದಿಗೆ ಮೇಣ ಸೋಕಿರಲಿಲ್ಲ. ಪೆನ್ಸಿಲಿನಲ್ಲಿ ಗೀಚಿದ ಅಳತೆ, ಒಂದು ಅಂಟಿನ ಕಲೆ, ತುಂಬಿ ಮುಚ್ಚಿದ ಗಂಟು. ಒದ್ದೆ ಬೆರಳಿನಿಂದ ಒತ್ತಿದಳು. ಮರ ನೀರನ್ನು ಹೀರಿಕೊಂಡಿತು.

"ಅದು ಹಿಂಬದಿ ಕಣೇ. ಗೋಡೆ ಕಡೆಗೆ ಹೋಗೋದು."

"ಈಗ ನಿನ್ನ ಮೇಣ ಗೋಡೆ ಕಡೆಗೆ ಹೋಗುತ್ತೆ."

"ಅಷ್ಟು ಉಜ್ಜಿದ್ದು ಗೋಡೆ ನೋಡಲಿ ಅಂತಾನಾ?"

"ಆ ಕಡೆಯಿಂದ ತೇವ ಹಿಡಿಯಲ್ಲ. ಹಲಗೆ ಡೊಂಕಾಗಲ್ಲ. ಹೇಗೂ ನಾನು ಹಿಂದೆ ಏನಾದ್ರೂ ಬಳೀಬೇಕಿತ್ತು."

ಹಲಗೆ ಡೊಂಕಾಗುವ ವಿಷಯ ಅವಳಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ಚೀಲದಿಂದ ಮರ ಉಜ್ಜುವ ಉಪ್ಪುಕಾಗದ ತೆಗೆದು ಮರದ ತುಂಡಿಗೆ ಸುತ್ತಿಕೊಂಡ.

"ಎಷ್ಟು ನುಣುಪು? ಈ ಸಲ ಸರಿಯಾಗಿ ಹೇಳು."

"ಮೊಟ್ಟೆ ಚಿಪ್ಪಿನಷ್ಟು. ಅದರಾಚೆ ಒಂದು ಸಲವೂ ಕೈ ಆಡಿಸಬೇಡ."

ಕೈ ತಡೆದು ನಿಲ್ಲಿಸುವುದೇ ಅವನಿಗೆ ಕಷ್ಟವಾಯಿತು. ಎರಡು ಸಲ ನಿಲ್ಲಿಸಿ ತಂಗಿಯ ಬೆರಳಿಗೆ ತೋರಿಸಿದ. ಎರಡನೇ ಸಲ ಅವಳು ಸಾಕು ಎಂದಳು. ಧೂಳು ಒರೆಸಿ, ಮಧ್ಯಾಹ್ನದೊಳಗೆ ಮೊದಲ ಪ್ರೈಮರ್ ಉದ್ದಕ್ಕೆ ಬಳಿದಳು. ಮಂಗಳವಾರ ಅಡ್ಡಕ್ಕೆ, ಬುಧವಾರ ಬೆಳಿಗ್ಗೆ ಮತ್ತೆ ಉದ್ದಕ್ಕೆ, ಒಂದೊಂದು ಒಣಗಿದ ಮೇಲೂ ಹಗುರಾಗಿ ಉಜ್ಜಿ. ಅಣ್ಣ ದಿನಾ ಕೆಲಸಕ್ಕೆ ಹೋಗುವ ಮುಂಚೆ ಬಂದು ನೋಡಿ ಹೋದ.

ಗುರುವಾರ ಒಂಬತ್ತಕ್ಕೆ ಐದು ನಿಮಿಷವಿರುವಾಗ ನರ್ಸ್ ಬಂದರು. ಬೆಳಕಿನ ಕಡೆಗೆ ಕುರ್ಚಿ ತಿರುಗಿಸಿಕೊಂಡು, ಮಾತಾಡಬಹುದೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಾತಾಡತೊಡಗಿದರು. ಹನ್ನೊಂದೂವರೆಯ ಹೊತ್ತಿಗೆ ಅವರ ಬಲಗಣ್ಣು, ಅದರ ಅಂಚಿನ ಮೂರು ಸಣ್ಣ ಗೆರೆಗಳ ಸಮೇತ, ಹಲಗೆಯ ಮೇಲೆ ಮೂಡಿತ್ತು.