ಮೂರು ದೋಟಿ

"ಬಾಗಿಲಾಚೆ ನಿಲ್ಲಮ್ಮ, ಬಾಗಿಲಾಚೆ. ಕಾಲಿಂದ ನೀರು ಸೋರ್ತಿದೆ. ಇದು ಕಾರ್ಪೆಟ್ಟು, ನಿಮ್ಮನೆ ಬಚ್ಚಲಲ್ಲ."

ಸೂಪರ್‌ವೈಸರ್ ಹೀಗೆ ಅಂದಾಗ ಅತ್ತಿಗೆಯ ಒಂದು ಕಾಲು ಮೀಟಿಂಗ್ ರೂಮಿನ ಒಳಗಿತ್ತು, ಇನ್ನೊಂದು ಹೊರಗಿತ್ತು. ಒಳಗಿದ್ದ ಕಾಲನ್ನು ಅವಳು ತೆಗೆಯಲಿಲ್ಲ. ಹೊರಗಿದ್ದ ಕಾಲಿನ ಗಂಬೂಟನ್ನು ಕಳಚಿ, ಅದರೊಳಗಿನ ನೀರನ್ನು ಕಾರಿಡಾರಿನ ಹೂಕುಂಡಕ್ಕೆ ಬಗ್ಗಿಸಿ, ಮತ್ತೆ ಹಾಕಿಕೊಂಡಳು.

"ಕರೆದೋರು ನೀವೇ ತಾನೆ" ಅಂದಳು.

ಕರೆದದ್ದು ನಿಜ. ಬೆಳಿಗ್ಗೆ ನೆಲಮಹಡಿಯ ಗಾಜು ಉಜ್ಜುತ್ತಿದ್ದಾಗ, ಹೊಸ ಸಾಮಾನು ಬಂದಿದೆ, ಮೂವರೂ ಮೇಲೆ ಬನ್ನಿ ಎಂದು ಹೇಳಿ ಕಳಿಸಿದ್ದರು. ಮೂವರು ಎಂದರೆ ಅತ್ತಿಗೆ, ನಾನು ಮತ್ತು ಕೊಕ್ಕರೆ. ಅವನ ನಿಜವಾದ ಹೆಸರನ್ನು ಅವನ ಹೆಂಡತಿಯೂ ಮರೆತಿದ್ದಾಳೆ. ಹದಿನೆಂಟು ವರ್ಷ ಮೇಲೆ ನೋಡುತ್ತಾ ಕಿಟಕಿ ತೊಳೆದು ಅವನ ಕುತ್ತಿಗೆ ಹಿಂದಕ್ಕೆ ಬಾಗಿ ಹಾಗೇ ನಿಂತಿದೆ. ಎದುರಿಗಿದ್ದವರನ್ನು ಕಣ್ಣು ಇಳಿಸಿ ನೋಡುತ್ತಾನೆ. ಗೊತ್ತಿಲ್ಲದವರು ಅವನಿಗೆ ಬಹಳ ಜಂಬ ಅಂದುಕೊಳ್ಳುತ್ತಾರೆ.

ಈ ಕಟ್ಟಡಕ್ಕೆ ನಾಲ್ಕು ಮಹಡಿ, ನಾಲ್ಕೂ ಕಡೆ ಗಾಜು. ಮೊದಲು ಏಣಿ ಹಾಕಿ ತೊಳೆಯುತ್ತಿದ್ದೆವು. ಎಂಟು ತಿಂಗಳ ಹಿಂದೆ ನನ್ನ ಅಣ್ಣ ಎರಡನೇ ಮಹಡಿಯ ಎತ್ತರದಿಂದ ಬಿದ್ದ. ಏಣಿಯ ಬುಡದ ರಬ್ಬರು ಸವೆದು ಹೋಗಿದೆ ಎಂದು ಅವನು ನಾಲ್ಕು ಸಲ ಹೇಳಿದ್ದ. ಐದನೇ ಸಲ ಹೇಳುವುದಕ್ಕೆ ಅವಕಾಶ ಸಿಗಲಿಲ್ಲ. ಆಸ್ಪತ್ರೆಯಲ್ಲಿ ಸೊಂಟಕ್ಕೆ ಪ್ಲೇಟು ಹಾಕಿದ ಮರುದಿನ ಸೂಪರ್‌ವೈಸರ್ ಹಣ್ಣು ಹಿಡಿದುಕೊಂಡು ಬಂದು, ಅವನು ಮಂಪರಿನಲ್ಲಿದ್ದಾಗಲೇ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಕುಡಿದಿದ್ದೆ, ಕಾಲು ಜಾರಿತು ಎಂದು ಅದರಲ್ಲಿತ್ತಂತೆ. ನಮ್ಮಣ್ಣ ಜನ್ಮದಲ್ಲಿ ಕುಡಿದವನಲ್ಲ. ಕುಡಿಯದೇ ಕುಡುಕನಾದೆನಲ್ಲ, ಕುಡಿದಾದರೂ ಆಗಬಾರದಿತ್ತೇ ಎಂದು ಈಗಲೂ ಮಂಚದ ಮೇಲೆ ಮಲಗಿ ಕೊರಗುತ್ತಾನೆ. ಅವನ ಕೆಲಸಕ್ಕೆ ಅತ್ತಿಗೆ ಸೇರಿದಳು. ಇನ್ನು ಏಣಿ ಬೇಡ, ನೆಲದ ಮೇಲೆ ನಿಂತೇ ತೊಳೆಯಬೇಕು ಎಂದು ಆರ್ಡರ್ ಬಂತು. ಎರಡು ಬಿದಿರು ಗಳಗಳನ್ನು ಜೋಡಿಸಿ ತುದಿಗೆ ಬ್ರಷ್ ಕಟ್ಟಿಕೊಂಡು ಇಲ್ಲಿಯವರೆಗೆ ಹೇಗೋ ದಬ್ಬಿದೆವು.

ಈಗ ಮೀಟಿಂಗ್ ರೂಮಿನ ಮೇಜಿನ ಮೇಲೆ ಮೂರು ಹೊಸ ಕೋಲುಗಳು ಮಲಗಿದ್ದವು. ಒಂದರೊಳಗೊಂದು ಸೇರಿಕೊಂಡ ಕೊಳವೆಗಳು. ಎಳೆದರೆ ನಾಲ್ಕನೇ ಮಹಡಿಗೆ ಮುಟ್ಟುತ್ತವೆ, ಒಳಗಿನ ಪೈಪಿನಲ್ಲಿ ನೀರು ಹರಿದು ತುದಿಯ ಬ್ರಷ್ಷಿಗೆ ಬರುತ್ತದೆ. ಮಾರಲು ಸೆಂಟು ಹೊಡೆದುಕೊಂಡು ಬಂದಿದ್ದ ಹುಡುಗ ಅದನ್ನು 'ಸಿಸ್ಟಮ್' ಎಂದು ಕರೆಯುತ್ತಿದ್ದ. ಕೊಕ್ಕರೆ ಬಾಗಿಲಲ್ಲಿ ನಿಂತೇ ಅದಕ್ಕೆ 'ದೋಟಿ' ಎಂದು ನಾಮಕರಣ ಮಾಡಿದ. "ಮಾವಿನಕಾಯಿ ಕೀಳೋದು ಬಿಟ್ಟು ಧೂಳು ಕೀಳ್ತದೆ, ಅಷ್ಟೇ ವ್ಯತ್ಯಾಸ."

"ಇದು ಅಲ್ಯೂಮಿನಿಯಂ, ಇದು ಫೈಬರ್, ಇದು ಕಾರ್ಬನ್. ನೋಡಿ ಸರ್, ಒಂದೇ ಕೈ" ಎಂದು ಹುಡುಗ ಕಪ್ಪಗಿನ ಕಾರ್ಬನ್ ದೋಟಿಯನ್ನು ಎತ್ತಿ ಹಿಡಿದ.

"ಮಡಚಿದ್ದಾಗ ನಮ್ಮಪ್ಪನೂ ಹಿಡೀತಾನೆ" ಎಂದು ಕೊಕ್ಕರೆ ನನ್ನ ಕಿವಿಯಲ್ಲಿ ಅಂದ. "ಅವನು ಸತ್ತು ಹತ್ತು ವರ್ಷ ಆಯ್ತು."

ನೀರಿನ ವಿಷಯ ಬಂತು. ಫಿಲ್ಟರ್ ಮೇಲೆ ಫಿಲ್ಟರ್ ಹಾಕಿ ಉಪ್ಪು, ಸುಣ್ಣ ಏನೂ ಇಲ್ಲದ ನೀರು ಮಾಡುತ್ತಾರಂತೆ. ಒರೆಸುವುದೇ ಬೇಡ, ತಾನಾಗಿ ಒಣಗಿದರೂ ಗಾಜಿನ ಮೇಲೆ ಕಲೆ ಉಳಿಯುವುದಿಲ್ಲ.

"ಅದನ್ನ ಕುಡೀಬಹುದಾ?" ಎಂದು ಅತ್ತಿಗೆ ಬಾಗಿಲಿನಿಂದಲೇ ಕೇಳಿದಳು.

"ಏ, ಅದು ಕಿಟಕಿಗೆ ಅಂತ ತಂದಿರೋದು" ಅಂದ ಸೂಪರ್‌ವೈಸರ್.

"ಜನರೇಟರ್ ಹಿಂದೆ ಇರೋ ನಲ್ಲಿ ನೀರು ಹಳದಿ ಬರ್ತದಲ್ಲ, ಅದು ಯಾರಿಗೆ ಅಂತ ಇರೋದು?"

ಮೇಜಿನ ತುದಿಯಲ್ಲಿದ್ದ ಸಾಹೇಬರು, ಈ ಕಟ್ಟಡದ ಮಾಲೀಕರು, ಮೊದಲ ಸಲ ಫೋನಿನಿಂದ ತಲೆಯೆತ್ತಿದರು. ನಮ್ಮ ಕಡೆಗಲ್ಲ, ದೋಟಿಗಳ ಕಡೆಗೆ. "ಯಾವುದು ಕಡಿಮೆ?" ಎಂದು ಕೇಳಿದರು. ಅಲ್ಯೂಮಿನಿಯಂ ಎಂದು ಹುಡುಗ ಹೇಳಿದ. "ಸರಿ, ಮೂರನ್ನೂ ಹೋಲಿಸಿ ಒಂದು ರಿಪೋರ್ಟ್ ಮಾಡಿ. ಕೆಲಸಗಾರರನ್ನ ಕೇಳಿದ್ದೀವಿ ಅಂತ ಇನ್ಶೂರೆನ್ಸ್‌ನವರಿಗೆ ತೋರಿಸ್ಬೇಕು. ಸಹಿ ತಗೊಳ್ಳಿ" ಎಂದು ಎದ್ದು ಹೋದರು. ನಮ್ಮನ್ನು ಕೇಳಿದ್ದು ಅಷ್ಟೇ. ಕೇಳಿದ್ದೂ ನಮ್ಮನ್ನಲ್ಲ.

ಅಂಗಳಕ್ಕೆ ಇಳಿದು ಮುಂದಿನ ಗೋಡೆಯ ಮೇಲೆ ಒಂದೊಂದನ್ನೇ ಎತ್ತಿ ನೋಡಿದೆವು. ಮೊದಲು ಫೈಬರ್. ಎರಡನೇ ಮಹಡಿಯವರೆಗೆ ಮರ್ಯಾದೆಯಿಂದ ಹೋಯಿತು. ನಾಲ್ಕನೆಯದಕ್ಕೆ ಎಳೆದಾಗ ಹಗ್ಗದ ಹಾಗೆ ತೊನೆಯತೊಡಗಿತು. ನಾನು ಎಡಕ್ಕೆ ಎಂದರೆ ಅದು ಸ್ವಲ್ಪ ಯೋಚನೆ ಮಾಡಿ ಎಡಕ್ಕೆ ಹೋಗುತ್ತಿತ್ತು, ಅಷ್ಟರಲ್ಲಿ ನಾನು ಬಲಕ್ಕೆ ಬಂದಿರುತ್ತಿದ್ದೆ. "ನಿಮ್ಮಣ್ಣನ ಹಾಗೇ ಇದೆ, ಹೇಳಿದ್ದು ಮಾಡ್ತದೆ, ಆದ್ರೆ ನಾಳೆ" ಅಂದಳು ಅತ್ತಿಗೆ.

ಕಾರ್ಬನ್ ಬಂದಾಗ ಕೊಕ್ಕರೆ ಮಾತು ನಿಲ್ಲಿಸಿದ. ಪೂರ್ತಿ ಎಳೆದರೂ ಅದು ನೆಟ್ಟಗೆ ನಿಂತಿತ್ತು. ಕೈ ಹೇಳಿದ್ದನ್ನು ತುದಿ ಆಗಲೇ ಕೇಳುತ್ತಿತ್ತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನು ಹಲ್ಲು ಕಚ್ಚದೆ ಒಂದು ಗಾಜು ತೊಳೆದ. ಇಳಿಸುವಾಗ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಇಳಿಸಿದ.

ಅಲ್ಯೂಮಿನಿಯಮ್ಮನ್ನು ಎತ್ತಲು ಇಬ್ಬರು ಬೇಕಾಯಿತು. ಹದಿನೈದು ನಿಮಿಷಕ್ಕೆ ನನ್ನ ಭುಜದಲ್ಲಿ ಬೆಂಕಿ ಹತ್ತಿತು. ಕೊಳವೆ ಬಿಗಿಯುವ ಕ್ಲಿಪ್ಪು ಅತ್ತಿಗೆಯ ಬೆರಳಿನ ಚರ್ಮ ಕಿತ್ತಿತು. ಅಂಗೈ ತುಂಬ ಮಸಿ. ಅವಳು ಬೆರಳು ಚೀಪುತ್ತಾ ಬೈದದ್ದನ್ನು ಕೇಳಿ ಮಾರುವ ಹುಡುಗ ಬೇರೆ ಕಡೆ ನೋಡಿದ.

ಸೂಪರ್‌ವೈಸರ್ ಕಾಗದ ತಂದ. ಅತ್ತಿಗೆ ಏಳನೇ ಕ್ಲಾಸು ಓದಿದವಳು ಎಂದು ಅವನಿಗೆ ಗೊತ್ತಿರಲಿಲ್ಲ. ಅವಳು ನಿಧಾನವಾಗಿ, ಬೆರಳಿಟ್ಟು, ಗಟ್ಟಿಯಾಗಿ ಓದಿದಳು. ತೂಕ, ಉದ್ದ, ಬಾಳಿಕೆ, ಬೆಲೆ. ಎಲ್ಲ ಆಗಲೇ ಟೈಪಾಗಿತ್ತು. ಕೊನೆಗೆ, 'ಮೂರನ್ನೂ ನಾಲ್ಕೂ ಗೋಡೆಗಳಲ್ಲಿ ಬಳಸಿ ನೋಡಿದ್ದೇವೆ. ಅಲ್ಯೂಮಿನಿಯಂ ನಮಗೆ ಅನುಕೂಲ. ಯಾವ ದೂರೂ ಇಲ್ಲ.'

"ಕುತ್ತಿಗೆ ಎಲ್ಲಿ?" ಎಂದು ಕೇಳಿದಳು.

"ಏನ್ ಕುತ್ತಿಗೆ?"

"ಉದ್ದ ಬರೆದಿದ್ದೀರಿ, ತೂಕ ಬರೆದಿದ್ದೀರಿ. ಯಾವುದು ಹಿಡಿದ್ರೆ ಯಾರ ಕುತ್ತಿಗೆ ಎಷ್ಟು ವರ್ಷಕ್ಕೆ ಹೋಗ್ತದೆ ಅಂತ ಒಂದು ಕಾಲಂ ಬೇಕಲ್ಲ. ಕೊಕ್ಕರೆನ ಪಕ್ಕ ನಿಲ್ಲಿಸಿ ಫೋಟೋ ಹಾಕಿ, ಅರ್ಥ ಆಗ್ತದೆ."

"ಬಾಯಿ ಮುಚ್ಕೊಂಡು ಸಹಿ ಹಾಕು. ನೀವು ಹೇಳಿದ್ದನ್ನೆಲ್ಲ ಬರೆಯೋಕೆ ಇದು ಮಹಾಭಾರತ ಅಲ್ಲ."

"ನಾಲ್ಕೂ ಗೋಡೆ ಅಂತಿದೆ. ನಾವು ನೋಡಿದ್ದು ಒಂದೇ."

ಅವನು ಸಿಡುಕಿ, ಹಾಗಾದರೆ ಹಿಂದಿನ ಗೋಡೆಗೆ ನಡೀರಿ, ಫೋಟೋ ತೆಗೆದು ಮುಗಿಸೋಣ ಎಂದ. ಹಿಂದಿನ ಗೋಡೆ ಎಂದರೆ ಸಾಹೇಬರ ಕಾರು ನಿಲ್ಲುವ ಜಾಗ. ಅಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಹೊರಟ ಮೂರು ಬರಿ ತಂತಿಗಳು ಎರಡನೇ ಮಹಡಿಯ ಕಿಟಕಿಗಳ ಮುಂದೆಯೇ ಹಾದುಹೋಗುತ್ತವೆ, ಗೋಡೆಗೂ ತಂತಿಗೂ ಎರಡು ಮಾರು ಅಂತರವಿಲ್ಲ. ಬಿದಿರು ಗಳ ಇದ್ದಾಗಲೂ ನಾವು ಅಲ್ಲಿ ಮೊದಲ ಮಹಡಿಗಿಂತ ಮೇಲೆ ಕೈ ಹಾಕಿರಲಿಲ್ಲ.

ಅಲ್ಲಿಗೆ ಹೋದ ಮೇಲೆ ಅತ್ತಿಗೆ ಮಾರುವ ಹುಡುಗನ ಕಡೆ ತಿರುಗಿದಳು. "ನೀನು ಹೇಳಪ್ಪ. ತಂತಿ ಹತ್ರ ಯಾವ ದೋಟಿ?"

ಹುಡುಗ ಸೂಪರ್‌ವೈಸರನನ್ನು ನೋಡಿದ. ಆಮೇಲೆ ತಂತಿ ನೋಡಿದ. ಬೆಳಗಿನಿಂದ ಮೊದಲ ಸಲ ಅವನ ದನಿ ಇಳಿಯಿತು. "ಅಲ್ಯೂಮಿನಿಯಂ ಕರೆಂಟ್ ಎಳೀತದೆ ಅಕ್ಕ. ಕಾರ್ಬನ್ನೂ ಎಳೀತದೆ. ಫೈಬರ್ ಒಣಗಿದ್ರೆ ಎಳೆಯಲ್ಲ."

"ಒಳಗೆ ನೀರು ಹರಿಯೋ ದೋಟಿ ಒಣಗಿರೋದು ಯಾವಾಗ?"

"ಅದಕ್ಕೇ... ತಂತಿ ಹತ್ರ ಯಾವುದನ್ನೂ ಎತ್ತಬಾರದು ಅಂತ ಕಂಪನಿ ಪುಸ್ತಕದಲ್ಲೇ ಇದೆ."

"ನಿನ್ನ ಕೆಲಸ ಮಾರೋದು, ಮಾರು" ಎಂದು ಸೂಪರ್‌ವೈಸರ್ ಅವನ ಮೇಲೆ ಹರಿಹಾಯ್ದ. ಮತ್ತೆ ಅತ್ತಿಗೆಗೆ, "ಎರಡೇ ನಿಮಿಷ. ಎತ್ತು, ಫೋಟೋ, ಇಳಿಸು. ತಂತಿ ಬಂದು ನಿನ್ನ ತಬ್ಕೊಳ್ತದಾ? ನಿನ್ನ ಗಂಡನೂ ಹೀಗೇ, ಕೆಲಸಕ್ಕಿಂತ ಬಾಯಿ ಜಾಸ್ತಿ. ಕುಡಿದು ಬಿದ್ದ ಬೋಳಿಮಗ."

ಅತ್ತಿಗೆ ತಲೆಯೆತ್ತಿ ತಂತಿಯನ್ನಷ್ಟೇ ನೋಡಿದಳು. ಬಯ್ಯಬೇಕಾದಾಗ ಬಯ್ಯದಿದ್ದರೆ ಅವಳಿಂದ ಅಪಾಯ. ನಾದಿನಿಯಾಗಿ ಹನ್ನೊಂದು ವರ್ಷ ಒಂದೇ ಅಡುಗೆಮನೆಯಲ್ಲಿ ಜಗಳವಾಡಿದವಳು ನಾನು, ನನಗೆ ಗೊತ್ತು.

ಅಷ್ಟು ಹೊತ್ತಿಗೆ ಸಾಹೇಬರು ಕಾರಿಗೆ ಬಂದರು. ಹಿಂದೆ ಇಬ್ಬರು ಅತಿಥಿಗಳು. ಅತ್ತಿಗೆ ಮಡಚಿಟ್ಟಿದ್ದ ಅಲ್ಯೂಮಿನಿಯಂ ದೋಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಾರ ಹಾಕಲು ಬಂದವಳಂತೆ ಅವರ ಮುಂದೆ ನಿಂತಳು.

"ಸರ್, ಫೋಟೋ ಬೇಕಂತೆ. ನಾವು ಹಿಡಿದ್ರೆ ಏನ್ ಚೆಂದ. ನೀವೊಂದು ಸಲ ಎತ್ತಿ ಕೊಡಿ. ಎರಡೇ ನಿಮಿಷದ ಕೆಲಸ ಅಂತೆ."

ಅತಿಥಿಗಳು ನಕ್ಕರು. ಸಾಹೇಬರಿಗೂ ಅದು ಇಷ್ಟವಾಯಿತು. ಬಡವರೊಂದಿಗೆ ಬೆರೆಯುವ ದೊಡ್ಡವರ ನಗೆ ಮುಖಕ್ಕೆ ತಂದುಕೊಂಡು ದೋಟಿಯನ್ನು ಇಸಿದುಕೊಂಡರು. "ಇಷ್ಟೇ ತಾನೆ" ಎಂದು ಮೊದಲ ಕ್ಲಿಪ್ಪು ಬಿಚ್ಚಿದರು. ಒಂದು ಕೊಳವೆ ಸರ್ರನೆ ಮೇಲೆ ಹೋಯಿತು. ಎರಡನೇ ಕ್ಲಿಪ್ಪಿಗೆ ಕೈ ಹಾಕಿದರು.

"ಸರ್, ಬೇಡ ಸರ್" ಎಂದು ಸೂಪರ್‌ವೈಸರ್ ಕಿರುಚಿಕೊಂಡ. "ಮೇಲೆ ತಂತಿ ಇದೆ, ಸತ್ತೋಗ್ತೀರಿ."

ಸಾಹೇಬರು ತಲೆಯೆತ್ತಿದರು. ತಂತಿ ಅಲ್ಲೇ ಇತ್ತು, ಅವರು ದಿನಾ ಕಾರು ನಿಲ್ಲಿಸುವ ಜಾಗದ ಮೇಲೆಯೇ. ದೋಟಿಯನ್ನು ಸೂಪರ್‌ವೈಸರನ ಕಡೆ ಚಾಚಿದರು. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಕೊನೆಗೆ ಕೊಕ್ಕರೆಯೇ ಮುಂದೆ ಬಂದು, ಕೊಳವೆಯನ್ನು ಒಳಕ್ಕೆ ತಳ್ಳಿ, ಇಸಿದುಕೊಂಡ.

"ಈಗ ಹೇಳಿದ್ರಲ್ಲ, ಆ ಮಾತನ್ನ ಇದರಲ್ಲಿ ಬರೀರಿ" ಎಂದು ಅತ್ತಿಗೆ ಕಾಗದ ಚಾಚಿದಳು. "ಹಿಂದಿನ ಗೋಡೆ, ಸತ್ತೋಗ್ತೀರಿ. ಆಮೇಲೆ ಸಹಿ ಹಾಕ್ತೀವಿ. ಮೂರೂ ಜನ."

ಸಾಹೇಬರ ಮುಖದ ನಗೆ ಎಲ್ಲಿಗೋ ಹೋಗಿತ್ತು. "ಯಾರಿವಳು?" ಎಂದು ಕೇಳಿದರು. ಎಂಟು ತಿಂಗಳಿಂದ ಅವರ ಕಿಟಕಿ ತೊಳೆದವಳು. "ಇವರನ್ನ ಇವತ್ತೇ ಕಳಿಸಿ. ನಾಳೆಯಿಂದ ಬೇರೆಯವರನ್ನ ತನ್ನಿ" ಎಂದು ಕಾರು ಹತ್ತಿ, ಡ್ರೈವರನ್ನು ಕರೆಯಲು ಫೋನ್ ಹಚ್ಚಿದರು.

ಬೇರೆಯವರು. ಅವರಿಗೂ ಇದೇ ಗೋಡೆ, ಇದೇ ಅಲ್ಯೂಮಿನಿಯಂ. ಅವರಲ್ಲಿ ಓದಲು ಬರುವವರು ಇರುತ್ತಾರೋ ಇಲ್ಲವೋ.

ಅತ್ತಿಗೆ ಕಾಗದವನ್ನು ಗೋಡೆಗೊತ್ತಿ, ಸೂಪರ್‌ವೈಸರನ ಜೇಬಿನಿಂದಲೇ ಪೆನ್ನು ಕಿತ್ತುಕೊಂಡು, ಟೈಪಾಗಿದ್ದ ಕೊನೆಯ ಸಾಲುಗಳನ್ನು ಅಡ್ಡಗೀಟು ಹಾಕಿ, ಅವನು ಕಿರುಚಿದ್ದನ್ನು ಅಕ್ಷರ ಬಿಡದೆ ಬರೆದಳು. ನಾವು ಮೂವರೂ ಸಹಿ ಮಾಡಿದೆವು. ನಾನು ಫೋನಿನಲ್ಲಿ ಅದರ ಫೋಟೋ ತೆಗೆದೆ. ಫೋಟೋ ಬೇಕು ಎಂದವನು ಅವನೇ. ಮಾರುವ ಹುಡುಗ ತನ್ನ ಪುಸ್ತಕದಿಂದ ತಂತಿಯ ಎಚ್ಚರಿಕೆ ಇದ್ದ ಹಾಳೆ ಹರಿದು ನನ್ನ ಕೈಗಿಟ್ಟು, ಯಾರನ್ನೂ ನೋಡದೆ ತನ್ನ ಫಿಲ್ಟರು ಜೋಡಿಸತೊಡಗಿದ.

ಅತ್ತಿಗೆ ಅಲ್ಯೂಮಿನಿಯಂ ದೋಟಿಯ ಒಂದು ತುದಿ ಹಿಡಿದಳು, ಕೊಕ್ಕರೆ ಇನ್ನೊಂದು. ನೆಲದ ಮೇಲೆ ಮಲಗಿಸಿಕೊಂಡೇ ಒಂದೊಂದು ಕೊಳವೆ ಎಳೆಯುತ್ತಾ ಗೇಟಿನ ಕಡೆ ಹೊರಟರು. ಡ್ರೈವರ್ ಬಂದು ಕಾರನ್ನು ಗೇಟಿನ ಕಡೆ ತರುವಷ್ಟರಲ್ಲಿ ದೋಟಿ ಗೇಟಿನ ಈ ಕಂಬದಿಂದ ಆ ಕಂಬದವರೆಗೆ ಅಡ್ಡ ಬಿದ್ದಿತ್ತು. ನಾವು ಮೂವರೂ ಅದರ ಹಿಂದೆ ಸಾಲಾಗಿ ಕೂತೆವು. ವಾಚ್‌ಮನ್ ತನ್ನ ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದ. ಅದನ್ನು ಬಹಳ ಹೊತ್ತು ಕಟ್ಟಿದ.

ಹಾರ್ನ್ ಆಯಿತು. ಮತ್ತೆ ಆಯಿತು. ಕೊಕ್ಕರೆ ಕಣ್ಣು ಇಳಿಸಿ ಕಾರನ್ನು ನೋಡಿದ. ಜಂಬದ ಮನುಷ್ಯನಂತೆಯೇ ಕಂಡ.

ಡ್ರೈವರ್ ಇಳಿದು ಬಂದು ದೋಟಿ ಎತ್ತಲು ಬಗ್ಗಿದ. ಬಗ್ಗಿದವನು ಹಾಗೇ ನಿಂತು, ಮೆಲ್ಲಗೆ ಕೇಳಿದ. "ಅಕ್ಕ, ಇದರಲ್ಲಿ ಕರೆಂಟ್ ಏನಾದ್ರೂ ಇದೆಯಾ?"

"ಗೊತ್ತಿಲ್ಲಪ್ಪ" ಅಂದಳು ಅತ್ತಿಗೆ. "ನಿಮ್ಮ ಸಾಹೇಬ್ರನ್ನ ಬಂದು ಮುಟ್ಟಿ ನೋಡೋಕೆ ಹೇಳು."

ಅವನು ಕಾರಿನ ಹತ್ತಿರ ಹೋಗಿ ಕಿಟಕಿಗೆ ಬಗ್ಗಿ ಏನೋ ಹೇಳಿದ. ಗಾಜು ಮೇಲೇರಿತು. ಸ್ವಲ್ಪ ಹೊತ್ತಿಗೆ ಇಂಜಿನ್ ಆಫ್ ಆಯಿತು.