ಯಾರೂ ಸತ್ತಿರದ ಹೆಸರು

ಲಾರಿಯವನಿಗೆ ಬಾಗಿಲು ತಟ್ಟಿ ಗೊತ್ತಿಲ್ಲ. ಅವತ್ತೂ ಒದ್ದೇ ಬಂದ. ಚಿಲಕ ಕಿತ್ತುಕೊಂಡು ಬಂದು ನನ್ನ ಕಾಲ ಬಳಿ ಬಿತ್ತು. ನಾನು ಬಣ್ಣ ಗಟ್ಟಿಯಾಗಿ ಹಿಡಿಯಲೆಂದು ಉಣ್ಣೆ ನೂಲನ್ನು ಪಟಿಕದ ನೀರಿನಲ್ಲಿ ಅದ್ದುತ್ತಾ ಕೂತಿದ್ದೆ. ನನ್ನ ತಮ್ಮ ಕುದಿಯುವ ಕೊಪ್ಪರಿಗೆಯ ಮುಂದೆ ಉದ್ದನೆಯ ಕೋಲು ಹಿಡಿದು ನಿಂತಿದ್ದ. ನಮ್ಮದು ನೂಲಿಗೆ ಬಣ್ಣ ಹಾಕುವ ಮನೆ. ಮುಂದುಗಡೆ ಕೆಲಸ, ಹಿಂದುಗಡೆ ವಾಸ. ಅಪ್ಪನ ಕಾಲದಿಂದ ಹಾಗೇ ನಡೆದುಬಂದದ್ದು.

"ನನ್ನ ಮಗು ಎಲ್ಲಿ?" ಅಂದ.

"ಮಲಗಿದೆ. ಕೂತ್ಕೊಳಪ್ಪ," ಅಂದ ನನ್ನ ತಮ್ಮ. ಲಾರಿಯವನು ಅವನ ಅಳಿಯ.

"ಕೂತ್ಕೊಳ್ಳೋಕೆ ಬಂದಿಲ್ಲ ಮಾವ. ಹೆಸರು ಹೇಳಿ ಹೋಗೋಕೆ ಬಂದೆ. ನಮ್ಮಮ್ಮನ ಹೆಸರು. ನಮ್ಮನೇಲಿ ಹೆಣ್ಣು ಹುಟ್ಟಿದ್ರೆ ಕೊನೇಲಿ ಸತ್ತ ಹೆಂಗಸಿನ ಹೆಸರೇ ಇಡೋದು. ನೀವು ಯಾರೂ ಹೊಸದು ಹುಡುಕೋ ಕಷ್ಟ ತಗೋಬೇಡಿ."

ತಮ್ಮ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಲಾರಿಯವನು ನೂಲು ಒಣಗಲು ಹಾಕಿದ್ದ ಗಳುವನ್ನೇ ಎಳೆದು ಕೆಡವಿದ. ವಾರದ ಕೆಲಸವೆಲ್ಲ ನೆಲದ ಕೆಸರಿಗೆ ಬಿತ್ತು. ಅದರ ಮೇಲೆ ನಿಂತು ಬೂಟುಗಾಲಲ್ಲಿ ಹೊಸಕಿದ. ಆರಿದ ಬಣ್ಣದ ಮಡಕೆಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಬೀಸಿದ. ಕೊನೆಯ ಮಡಕೆಯ ಚೂರು ಹಾರಿ ನನ್ನ ಹುಬ್ಬು ಸೀಳಿತು.

"ಇವತ್ತು ನೂಲು. ಮುಂದಿನ ಸಲ ಎಲುಬು," ಎಂದು ಹೇಳಿ ಹೋದ.

ಗೋಡೆಯ ಮೇಲಿಂದ ಹಳದಿಯೂ ಕೆಂಪೂ ಒಂದರೊಳಗೊಂದು ಇಳಿಯುತ್ತಿದ್ದವು. ತಮ್ಮ ನನ್ನ ಹುಬ್ಬಿಗೆ ಬಟ್ಟೆ ಒತ್ತಿ ಹಿಡಿದು, "ಗೋಡೆ ಬೋಳುಬೋಳಾಗಿದೆ ಅಂತ ಗೊಣಗ್ತಾ ಇದ್ದೆಯಲ್ಲ ಅಕ್ಕ," ಅಂದ. ಅವನು ಹಾಗೆ. ಏಟು ಬಿದ್ದಾಗಲೇ ಅವನಿಗೆ ತಮಾಷೆ ಹೊಳೆಯುವುದು.

ಆ ಮಗುವಿನ ತಾಯಿ ನನ್ನ ತಮ್ಮನ ಒಬ್ಬಳೇ ಮಗಳು. ನಾವೆಲ್ಲ ಅವಳನ್ನು ಮೆಣಸು ಎನ್ನುತ್ತಿದ್ದೆವು. ಗಾತ್ರವೂ ಅಷ್ಟೇ, ಖಾರವೂ ಅಷ್ಟೇ. ಹೆತ್ತವಳು ಬೇಗ ಹೋದದ್ದರಿಂದ ನನ್ನ ಮಡಿಲಲ್ಲೇ ಬೆಳೆದವಳು. ನೂಲಿನ ಮೂಟೆ ತರುತ್ತಿದ್ದ ಲಾರಿಯವನನ್ನು ಅವಳೇ ಮೆಚ್ಚಿ ಕಟ್ಟಿಕೊಂಡಳು. "ಅಷ್ಟು ದೊಡ್ಡ ಮೂಟೇನ ಒಂದೇ ಕೈಯಲ್ಲಿ ಎತ್ತುತ್ತಾನೆ ಅತ್ತೆ," ಎಂದು ಕಣ್ಣರಳಿಸಿ ಹೇಳಿದ್ದಳು. ಆ ಒಂದು ಕೈ ಇನ್ನೂ ಏನೇನು ಮಾಡಬಲ್ಲದು ಎಂಬುದು ಆಮೇಲೆ ತಿಳಿಯಿತು. ತುಂಬು ಬಸುರಿಯಾಗಿ ಒಂದು ಮಧ್ಯಾಹ್ನ ನಡೆದುಕೊಂಡೇ ಬಂದಾಗ ಅವಳ ಎಡಗೈ ಮೊಣಕೈ ಕೆಳಗೆ ಸೊಟ್ಟಗಿತ್ತು. ಮುರಿದದ್ದನ್ನು ಯಾರೂ ಸರಿಯಾಗಿ ಕೂಡಿಸಿರಲಿಲ್ಲ.

"ಮೆಟ್ಟಿಲಿಂದ ಬಿದ್ದೆ ಅನ್ನು ಅಂದ, ಅಂದೆ," ಎಂದಳು. "ಅವರಮ್ಮಾನೂ ಮೆಟ್ಟಿಲಿಂದ ಬಿದ್ದೇ ಸತ್ತಿದ್ದಂತೆ. ಅವರಜ್ಜೀನೂ. ಅತ್ತೆ, ಆ ಮನೆಗೆ ಇರೋದೇ ಮೂರು ಮೆಟ್ಟಿಲು."

ನಾನು ಅವಳಿಗೆ ನೀರು ಕೊಟ್ಟೆ. ಅವಳು ಕುಡಿಯಲಿಲ್ಲ. ಲೋಟ ಹಿಡಿದುಕೊಂಡು, "ಹೆಣ್ಣಾದ್ರೆ ಆ ಹೆಸರು ಇಡ್ತಾರೆ. ಆ ಹೆಸರು ಕೂಗಿ ಕೂಗಿ ಒಬ್ಬಳನ್ನ ಕೊಂದಿದ್ದಾರೆ. ಅದನ್ನೇ ಕೂಗಿ ನನ್ನ ಮಗಳಿಗೂ ಹೊಡೀತಾರೆ. ನನಗೆ ಯಾರೂ ಸತ್ತಿರದ ಹೆಸರು ಬೇಕು ಅತ್ತೆ," ಅಂದಳು.

ಹೆಣ್ಣೇ ಆಯಿತು. ಆಗ ಎಲೆ ಉದುರುವ ಕಾಲ. ಬೀದಿ ಗುಡಿಸುವವರು ಉದುರಿದ ಎಲೆಗಳನ್ನು ಮೂಟೆ ಕಟ್ಟಿ ನಮ್ಮ ಅಂಗಳಕ್ಕೆ ತಂದು ಸುರಿಯುತ್ತಿದ್ದರು. ಅವರಿಗೆ ಹೊರೆ ಇಳಿಯಿತು, ನಮಗೆ ಬಣ್ಣ ಸಿಕ್ಕಿತು. ಎಲೆಗಳನ್ನು ಜಾತಿಜಾತಿ ಬೇರೆ ಮಾಡಿ ಕುದಿಸಿದರೆ ಒಂದೊಂದರಿಂದ ಒಂದೊಂದು ಬಣ್ಣ ಇಳಿಯುತ್ತದೆ. ಲಾರಿಯವನು ಮಡಕೆ ಒಡೆದು ಹೋದ ಮೇಲೂ ಎಲೆ ಆರಿಸುತ್ತಾ ಕೂತಾಗಲೇ ಹೆಸರಿನ ಮಾತು. ಹುಟ್ಟಿದ ಕಾಲದ ಹೆಸರನ್ನೇ ಇಡೋಣ, ಕಾಲಕ್ಕೆ ಯಾರ ಮನೆತನವೂ ಇಲ್ಲ ಎಂದು ಮೆಣಸು ಹೇಳಿದ್ದಳು.

"ತುಕ್ಕು ಬಣ್ಣ ಬಹಳ ಚೆಂದ," ಅಂದ ತಮ್ಮ.

"ಅಪ್ಪಾ, ನಾನು ಹೆತ್ತಿರೋದು ಮಗಳನ್ನ. ಬಾಗಿಲ ಕೀಲು ಅಲ್ಲ."

"ಹೊಂಬಿಸಿಲು?" ಅಂದೆ ನಾನು.

"ಓಡೋ ಮಗೂನ ಅಷ್ಟುದ್ದ ಕರೆಯೋ ಹೊತ್ತಿಗೆ ಅದು ರಸ್ತೆ ದಾಟಿರುತ್ತೆ ಅತ್ತೆ."

"ಇಬ್ಬನಿ?"

"ಬಿಸಿಲು ಬಂದ್ರೆ ಇರಲ್ಲ. ನನ್ನ ಮಗಳು ಇರ್ಬೇಕು."

"ಶರದ ಅಂತಿಡು, ದೊಡ್ಡೋರ ಮನೆ ಮಕ್ಕಳ ಥರ ಇರುತ್ತೆ," ಅಂದ ತಮ್ಮ.

"ಹಾಗಿಟ್ರೆ ಹಾಲಿಗೆ ಬದಲು ಕಾಫಿ ಕೇಳ್ತಾಳೆ ಬಿಡಿ."

ಹೀಗೆ ನಗುತ್ತಿರುವಾಗಲೇ ಒಂದು ಅವಾಂತರವಾಯಿತು. ಮಗುವಿನ ಬಿಳಿ ಬಟ್ಟೆಗಳನ್ನು ಅವಳು ತಿಳಿಯದೆ ನನ್ನ ಪಟಿಕದ ಬಕೆಟ್ಟಿನಲ್ಲಿ ನೆನೆಸಿ, ಹಾಗೇ ಹಿಂಡಿ ಮಡಚಿ ಬಿಸಿ ಕೊಪ್ಪರಿಗೆಯ ಕಟ್ಟೆಯ ಮೇಲೆ ಇಟ್ಟಿದ್ದಳು. ಬಟ್ಟೆಯ ಮಡಿಕೆಯೊಳಗೆ ಒಂದು ಹಣ್ಣೆಲೆ ಸೇರಿಕೊಂಡಿತ್ತು. ಬಿಡಿಸಿ ನೋಡಿದರೆ ನರನರವೂ ಎದ್ದು ಕಾಣುವ ಹಾಗೆ ಬಂಗಾರದ ಬಣ್ಣದ ಎಲೆಯೊಂದು ಬಟ್ಟೆಯ ಮೇಲೆ ಕೂತಿದೆ. ಒಗೆದಳು, ಹೋಗಲಿಲ್ಲ. ಸೋಪು ಹಾಕಿ ಉಜ್ಜಿದಳು, ಹೋಗಲಿಲ್ಲ. ಕಲ್ಲಿಗೆ ಬಡಿದಳು. ಎಲೆ ಅಲ್ಲೇ ಇತ್ತು.

ಆ ಬಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತಳು. "ಹೊನ್ನೆಲೆ," ಅಂದಳು. "ಎಷ್ಟು ಬಡಿದ್ರೂ ಹೋಗ್ಲಿಲ್ಲ, ನೋಡಿ."

ಅಲ್ಲಿಂದ ಆಚೆಗೆ ಅದೇ ಹೆಸರು. ಆದರೆ ಹಾಲು ಕೊಡುವಾಗ ಮಗುವಿನ ಕಿವಿಯ ಹತ್ತಿರ ಪಿಸುಗುಡುತ್ತಿದ್ದಳೇ ಹೊರತು ಗಟ್ಟಿಯಾಗಿ ಕರೆಯುತ್ತಿರಲಿಲ್ಲ. ಬೀದಿಗೆ ಕೇಳಿಸಿದರೆ ಅವನಿಗೂ ಕೇಳಿಸುತ್ತದೆ ಎಂಬ ಭಯ.

ಎರಡನೆಯ ಸಲ ಅವನು ಬಂದಾಗ ಅವಳೇ ಎದುರಿಗೆ ನಿಂತಳು. "ನನ್ನ ಮಗಳಿಗೆ ಹೆಸರಾಯ್ತು. ಹೊನ್ನೆಲೆ," ಅಂದಳು.

ಲಾರಿಯವನು ನಕ್ಕ. "ಎಲೆ! ಗುಡಿಸಿ ಬೆಂಕಿಗೆ ಹಾಕೋ ಕಸದ ಹೆಸರು ನನ್ನ ಮನೆ ಕೂಸಿಗೆ? ಆ ಕಸ ನನ್ನ ಬಾಯಲ್ಲಿ ಯಾವತ್ತೂ ಬರಲ್ಲ."

ಹೇಳುತ್ತಲೇ ಅವಳ ಕೆನ್ನೆಗೆ ಹೊಡೆದ. ಅವಳು ಎಲೆಯ ರಾಶಿಯ ಮೇಲೆ ಬಿದ್ದಳು. ತಮ್ಮ ಅಡ್ಡ ಬಂದ. ಬಣ್ಣ ಕಲಕುವ ಕೋಲನ್ನು ಅವನ ಕೈಯಿಂದಲೇ ಕಿತ್ತುಕೊಂಡು ಲಾರಿಯವನು ಅವನ ಭುಜಕ್ಕೆ ಇಳಿಸಿದ. ಹಸಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಕೋಲು ಮುರಿಯಿತು ಎಂದುಕೊಂಡೆ. ಕೋಲು ಇಡಿಯಾಗಿಯೇ ಇತ್ತು. ಮುರಿದದ್ದು ನನ್ನ ತಮ್ಮನ ಕೊರಳ ಕೆಳಗಿನ ಎಲುಬು. ಬಿದ್ದವನ ಹೊಟ್ಟೆಗೆ ಒದ್ದ, ಬೆನ್ನಿಗೆ ಒದ್ದ. ಬಾಯಿಂದ ರಕ್ತ ಬರುವ ತನಕ ಒದ್ದ. ನಾನು ಅವನ ಕಾಲು ತಬ್ಬಿಕೊಂಡೆ. ಕಾಲಿಗೆ ಅಂಟಿದ ಕೆಸರು ಕೊಡವುವ ಹಾಗೆ ನನ್ನನ್ನು ಕೊಡವಿದ.

ಪೊಲೀಸರಿಗೆ ಹೇಳಿದೆವು. ಬಂದವರು ಅಂಗಳ ನೋಡಿ, ಗಂಡ ಹೆಂಡತಿ ವಿಷಯ, ಕೂತು ಮಾತಾಡಿಕೊಳ್ಳಿ ಎಂದು ಹೇಳಿ ಹೋದರು. ತಮ್ಮ ಕೈಯನ್ನು ಕೊರಳಿಗೆ ಜೋಲಿ ಕಟ್ಟಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತ. ಕೆಲಸವೆಲ್ಲ ನನ್ನ ಮತ್ತು ಮೆಣಸಿನ ಪಾಲಿಗೆ ಬಂತು.

ನಮ್ಮ ಕೆಲಸದಲ್ಲಿ ಕಷ್ಟದ್ದು ಹಿಂಡುವುದು. ಕೊಪ್ಪರಿಗೆಯ ಪಕ್ಕದಲ್ಲಿ ಒಂದು ಕಂಬವಿದೆ. ಅದರಲ್ಲಿ ತಲೆಯೆತ್ತರಕ್ಕೆ ಕಬ್ಬಿಣದ ಕೊಕ್ಕೆ. ನೂಲನ್ನು ದೊಡ್ಡ ಬಳೆಯ ಹಾಗೆ ಸುತ್ತಿ ಕಟ್ಟಿದ್ದಕ್ಕೆ ಲಡಿ ಎನ್ನುತ್ತೇವೆ. ಬಣ್ಣದಿಂದ ತೆಗೆದ ಒದ್ದೆ ಲಡಿಯನ್ನು ಕೊಕ್ಕೆಗೆ ಹಾಕಿ, ನಡುವೆ ಒಂದು ಗಟ್ಟಿ ಕೋಲು ತೂರಿಸಿ ತಿರುವುತ್ತಾ ಹೋದರೆ ನೀರೆಲ್ಲ ಇಳಿದು ಲಡಿ ಹಗ್ಗದ ಹಾಗೆ ಬಿಗಿಯುತ್ತದೆ. ಮೆಣಸಿನ ಸೊಟ್ಟ ಕೈಗೆ ಅಷ್ಟು ಬಲವಿರಲಿಲ್ಲ, ನನ್ನ ವಯಸ್ಸಿಗೂ ಇರಲಿಲ್ಲ. ಅದಕ್ಕೆ ಕೋಲಿನ ಆ ತುದಿ ಅವಳು, ಈ ತುದಿ ನಾನು ಹಿಡಿದು ಇಬ್ಬರೂ ಒಟ್ಟಿಗೆ ತಿರುವುವುದನ್ನು ಅಭ್ಯಾಸ ಮಾಡಿಕೊಂಡೆವು.

ಮೂರನೆಯ ಸಲ ಅವನು ಸದ್ದಿಲ್ಲದೆ ಬಂದ. ಒದೆಯಲು ಬಾಗಿಲಿಗೆ ಚಿಲಕವೇ ಇರಲಿಲ್ಲ. ನಾನು ಆಗ ತಾನೇ ಕೊಪ್ಪರಿಗೆಯಿಂದ ದಪ್ಪನೆಯ ಲಡಿಯೊಂದನ್ನು ತೆಗೆದು ಕೊಕ್ಕೆಗೆ ಹಾಕಿದ್ದೆ. ಮೆಣಸು ಕೋಲು ತರಲು ಗೋಡೆಯ ಕಡೆಗೆ ತಿರುಗಿದ್ದಳು. ಮಗು ಬೆಚ್ಚಗಿರಲಿ ಎಂದು ಕಟ್ಟೆಯ ಹತ್ತಿರ ಬುಟ್ಟಿಯಲ್ಲಿ ಮಲಗಿಸಿದ್ದೆವು. ನಾವು ನೋಡುವ ಹೊತ್ತಿಗೆ ಅವನು ಬುಟ್ಟಿಯಿಂದ ಮಗುವನ್ನು ಎತ್ತಿಯಾಗಿತ್ತು. ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಕುದಿಯುವ ಬಣ್ಣದ ಮೇಲೆ ಮಗುವನ್ನು ಹಿಡಿದ. ಒಂದೇ ಕೈಯಲ್ಲಿ.

"ಕರಿ," ಅಂದ. "ನಮ್ಮಮ್ಮನ ಹೆಸರಲ್ಲಿ ಕರಿ. ನಿನ್ನ ಬಾಯಿಂದ ಕೇಳ್ಬೇಕು."

ಹಬೆ ತಾಗಿ ಮಗು ಕಿರುಚಿತು. ಅದರ ಪಾದ ಕೆಂಪಾಗುತ್ತಿತ್ತು. ತಮ್ಮ ಸ್ಟೂಲಿನಿಂದ ಎದ್ದ. "ಕೂತ್ಕೋ ಮಾವ, ಕೈ ಜಾರಿದ್ರೆ ನನ್ನ ತಪ್ಪಲ್ಲ," ಅಂದ ಲಾರಿಯವನು. ತಮ್ಮ ಕೂತ.

ಮೆಣಸು ಆ ಹೆಸರು ಹೇಳಿದಳು.

"ಜೋರಾಗಿ."

ಜೋರಾಗಿ ಹೇಳಿದಳು. ಬೀದಿಗೆ ಕೇಳುವಷ್ಟು ಜೋರಾಗಿ. ಅವಳ ಗಂಟಲಿನ ನರ ಉಬ್ಬಿದ್ದು ಈಗಲೂ ನನ್ನ ಕಣ್ಣ ಮುಂದಿದೆ.

"ಈಗ ದಾರಿಗೆ ಬಂದೆ," ಎಂದು ಮಗುವನ್ನು ತಮ್ಮನ ಮಡಿಲಿಗೆ ಎಸೆದ. "ಹಿಡ್ಕೋ ಮಾವ, ನಮ್ಮಮ್ಮನ್ನ ಹುಷಾರಾಗಿ ಹಿಡ್ಕೋ." ಮತ್ತೆ ಕಂಬದ ಬಳಿಯೇ ನಿಂತು ಮೆಣಸಿನ ಜಡೆಯನ್ನು ಕೈಗೆ ಸುತ್ತಿಕೊಂಡು ಎಳೆದ. "ನಡಿ, ಲಾರಿ ಹತ್ತು. ಎಲೆ ಬೇಕಾ ನಿಂಗೆ ಎಲೆ? ಮನೆಗೆ ನಡಿ, ಮೆಟ್ಟಿಲು ತೋರಿಸ್ತೀನಿ."

ನಾನು ಅವನ ಹಿಂದೆ, ಕಂಬದ ಪಕ್ಕದಲ್ಲೇ ಇದ್ದೆ. ಮುದುಕಿಯನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕೊಕ್ಕೆಯಿಂದ ಜೋತಾಡುತ್ತಿದ್ದ ಬಿಸಿ ಲಡಿಯ ಕೆಳತುದಿಯನ್ನು ಎತ್ತಿ ಅವನ ತಲೆಯ ಮೇಲಿಂದ ಕೊರಳಿಗೆ ಇಳಿಸಿದೆ. ಬಿಸಿಗೆ ಅವನು ಕಿರುಚಿ ಜಡೆ ಬಿಟ್ಟ. ಮೆಣಸು ಕೈಯಲ್ಲೇ ಹಿಡಿದಿದ್ದ ಕೋಲನ್ನು ತೂರಿಸಿದ್ದನ್ನು ನಾನು ನೋಡಲಿಲ್ಲ. ನನ್ನ ಅಂಗೈಗೆ ಅದರ ತುದಿ ಸಿಕ್ಕಿತು, ಅಷ್ಟೇ. ಇಬ್ಬರೂ ತಿರುವಿದೆವು.

ಮೊದಲ ಸುತ್ತಿಗೆ ಬಣ್ಣದ ನೀರು ಅವನ ಎದೆಯ ಮೇಲೆ ಧಾರೆಯಾಗಿ ಇಳಿಯಿತು. ಎರಡನೆಯದಕ್ಕೆ ಅವನ ತಲೆ ಹಿಂದಕ್ಕೆ ಹೋಗಿ ಕಂಬಕ್ಕೆ ಬಡಿಯಿತು. ಕಾಲು ಒದ್ದು ಬಕೆಟ್ಟು ಉರುಳಿಸಿದ. ಮೊಣಕೈಯಿಂದ ನನ್ನ ಪಕ್ಕೆಗೆ ಗುದ್ದಿದ. ಹಲ್ಲೊಂದು ಅಲುಗಿದ್ದು ನನಗೆ ಗೊತ್ತಾಯಿತು, ಅದಕ್ಕೆ ಯಾವಾಗ ಏಟು ಬಿತ್ತೋ ತಿಳಿಯಲಿಲ್ಲ. ಕೋಲು ಬಿಡಲಿಲ್ಲ. ಅವನ ಬೆರಳುಗಳು ನೂಲಿನೊಳಗೆ ನುಗ್ಗಲು ಜಾಗ ಹುಡುಕುತ್ತಿದ್ದವು.

"ಕರಿ," ಅಂದಳು ಮೆಣಸು ಅವನ ಕಿವಿಯಲ್ಲಿ. "ಈಗ ನೀನು ಕರಿ. ನನ್ನ ಮಗಳ ಹೆಸರು ಹೇಳು, ಬಿಡ್ತೀನಿ."

ಹಿಡಿತ ಸ್ವಲ್ಪ ಸಡಿಲಿಸಿದೆವು. ಅವನು ಬಾಯಿ ತೆರೆದ. ಜೀವದಾಸೆ ಎಂಥವನನ್ನೂ ಬಗ್ಗಿಸುತ್ತದೆ. ಜೊಲ್ಲು, ರಕ್ತ ಸೇರಿದ ಆ ಬಾಯಿಂದ, "ಹೊ..." ಎಂದು ಹೊರಟಿತು.

ಮೆಣಸಿನ ಮುಖ ಬದಲಾಯಿತು. "ಬೇಡ!" ಎಂದು ಕೂಗಿದಳು. "ನಿನ್ನ ಬಾಯಲ್ಲಿ ಬೇಡ! ಹೇಳ್ಬೇಡ!"

ಹೇಳಿದ್ದೇ ತಡ, ಸೊಟ್ಟ ಕೈಯನ್ನೂ ಸೇರಿಸಿ ಕೋಲು ತಿರುವಿದಳು. ಅವಳ ತುದಿಯ ಬಲಕ್ಕೆ ನನ್ನ ತುದಿ ತಾನಾಗಿ ತಿರುಗಿತು. ಅವನು ಆ ಹೆಸರನ್ನೇ ಹೇಳಿ ಉಳಿಯಲು ಒದ್ದಾಡುತ್ತಿದ್ದ. ಅವಳು ಅದು ಹೊರಗೆ ಬರದಂತೆ ಬಿಗಿಯುತ್ತಿದ್ದಳು. ಅವನ ಗಂಟಲಿನೊಳಗೆ ಏನೋ ಕಟಕ್ ಎಂದಿತು. ಮುಖ ಕೆಂಪಾಯಿತು, ಆಮೇಲೆ ಕಡುಗೆಂಪು, ಆಮೇಲೆ ನಮ್ಮ ನೀಲಿ ಮಡಕೆಯ ತಳದ ಬಣ್ಣ. ಕಾಲು ಒದೆಯುವುದು ನಿಂತಿತು.

"ಸಾಕು ಮಗಳೇ," ಅಂದ ತಮ್ಮ ಮೂಲೆಯಿಂದ. ಮಗುವನ್ನು ಒಂದೇ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದ. "ಇನ್ನು ತಿರುವಿದ್ರೆ ನೂಲು ತುಂಡಾಗುತ್ತೆ."

ಅವಳು ಬಿಟ್ಟಳು. ಕೋಲು ತಾನೇ ತಿರುಗಿ ತಿರುಗಿ ಬಿಚ್ಚಿಕೊಂಡಿತು. ಲಾರಿಯವನು ಲಡಿಯಿಂದ ಜಾರಿ ಮೂಟೆಯ ಹಾಗೆ ಕುಸಿದ. ಸತ್ತನೆಂದೇ ನಾನು ತಿಳಿದೆ. ಸ್ವಲ್ಪ ಹೊತ್ತಿಗೆ ಕುಲುಮೆಯ ತೂತು ತಿದಿಯ ಹಾಗೆ ಉಸಿರೆಳೆದ. ಮೆಣಸು ಉರುಳಿದ ಬಕೆಟ್ಟನ್ನು ನೆಟ್ಟಗೆ ಮಾಡಿ ಅದರ ಮೇಲೆ ಕೂತು ಅವನು ಏಳುವ ತನಕ ನೋಡುತ್ತಿದ್ದಳು. ಕೋಲು ಅವಳ ತೊಡೆಯ ಮೇಲಿತ್ತು. ಅವನು ಅಂಬೆಗಾಲಿಟ್ಟು ಬಾಗಿಲು ದಾಟಿದ. ಕೊರಳ ಸುತ್ತ ತುಕ್ಕು ಬಣ್ಣದ ಪಟ್ಟಿ. ಲಾರಿ ಹೊರಡಲು ಬಹಳ ಹೊತ್ತು ಹಿಡಿಯಿತು.

ಮತ್ತೆ ಜನ ಕಟ್ಟಿಕೊಂಡು ಬರುತ್ತಾನೆ ಎಂದು ನಾವು ಬಾಗಿಲ ಹಿಂದೆ ಕಬ್ಬಿಣದ ಸಲಾಕೆ ಇಟ್ಟುಕೊಂಡು ಕಾದೆವು. ಬರಲಿಲ್ಲ. ಎಲೆ ತರುವ ಗುಡಿಸುವವಳು ಸುದ್ದಿ ತಂದಳು. ಅವಳ ತಂಗಿ ಆಸ್ಪತ್ರೆಯಲ್ಲಿ ನೆಲ ಒರೆಸುವವಳು.

"ಗಂಟಲಿಗೆ ಕೊಳವೆ ಹಾಕಿದ್ದಾರಂತೆ. ಇನ್ನು ಮಾತು ಬರೋದು ಕಷ್ಟವಂತೆ. ಡಾಕ್ಟರು ಏನಾಯ್ತು ಅಂತ ಕೇಳಿದ್ರೆ, ಕೈಸನ್ನೇಲಿ ಮೆಟ್ಟಿಲಿಂದ ಬಿದ್ದೆ ಅಂತ ತೋರಿಸಿದನಂತೆ!"

ತಮ್ಮ ನಕ್ಕ. ನಕ್ಕದ್ದಕ್ಕೆ ಮುರಿದ ಎಲುಬು ನೊಂದು, ಅಯ್ಯೋ ಅಯ್ಯೋ ಎನ್ನುತ್ತಲೇ ನಕ್ಕ. ಮೆಣಸು ನಗಲಿಲ್ಲ. ಆ ಲಡಿ ಇನ್ನೂ ಕೊಕ್ಕೆಯಲ್ಲೇ ನೇತಾಡುತ್ತಿತ್ತು. ಅದನ್ನು ತೆಗೆದು ಒಲೆಗೆ ಹಾಕಿದಳು. ಉಣ್ಣೆ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಅವಳು ಎದ್ದು ಕಿಟಕಿಗಳನ್ನೆಲ್ಲ ತೆರೆದಳು.

ಆಮೇಲೆ ಅಂಗಳಕ್ಕೆ ಹೋದಳು. ಮಗುವಿನ ಬುಟ್ಟಿಯನ್ನು ನಾನು ಎಲೆರಾಶಿಯ ಪಕ್ಕ ಬಿಸಿಲಲ್ಲಿ ಇಟ್ಟಿದ್ದೆ. ಸುಟ್ಟ ಪಾದಕ್ಕೆ ಎಣ್ಣೆ ಸವರಿದ್ದೆ. ಅವಳು ದೂರದಲ್ಲೇ ನಿಂತು, ಸೊಂಟಕ್ಕೆ ಕೈಯಿಟ್ಟು, ಆಚೆ ಬೀದಿಯವರೂ ತಿರುಗಿ ನೋಡುವ ಹಾಗೆ ಕರೆದಳು.

"ಹೊನ್ನೆಲೇ!"

ಮಗು ತಿರುಗಿ ನೋಡಲಿಲ್ಲ. ಅದಕ್ಕೆ ಹಸಿವಾಗಿತ್ತು, ಮುಷ್ಟಿ ಚೀಪುತ್ತಿತ್ತು. ಅವಳು ಮತ್ತೆ ಕರೆದಳು.